ನಾಗರತ್ನಾ ಅತ್ತೆಯ ಗೊಂಬೆಗಳ ವಾಸ್ತವ್ಯದ ಬಗ್ಗೆ

ಇಂದ:
ಈಶ್ವರ ಸಾಯಬಣ್ಣ ಹೊಸಮನಿ,
ಬಿ ವಿಂಗ್, ಮೂರನೇ ಮಾಳಿಗೆ,
ಕಾಂದಿವಲಿ ಪೂರ್ವ, ಮುಂಬಯಿ.

ಗೆ:
ಮಾನ್ಯ ಅಮೋಲ್ ಸಾಹೇಬರು,
ಸೆಕ್ರೆಟರಿ, ಹೌಸಿಂಗ್ ಸೊಸೈಟಿ,
ಇದೇ ಬಿಲ್ಡಿಂಗ್, ತಳಮಾಳಿಗೆ.

ವಿಷಯ: ದಿವಂಗತ ಸೋದರತ್ತೆಯಿಂದ ನನ್ನ ಪಾಲಿಗೆ ಬಂದ, ದೆವ್ವ ಹಿಡಿದಿವೆ ಎನ್ನಲಾದ ಗೊಂಬೆಗಳನ್ನು ಮನೆಯಲ್ಲೇ ಇಟ್ಟುಕೊಳ್ಳಲು ಅನುಮತಿ ಕೋರಿ.

ಉಲ್ಲೇಖ: (ಅ) ವಾಚ್‌ಮನ್ ತಿಲಕ್ ಒಳಗೆ ಬರಲು ಒಪ್ಪದೆ ಬಾಗಿಲ ಸಂದಿಯಲ್ಲಿ ತಳ್ಳಿ ಹೋದ ತಮ್ಮ ನೋಟಿಸು.
(ಆ) ಎದುರು ಮನೆಯ ಶೀತಲ ಅವರು ಲಿಫ್ಟಿನಲ್ಲಿ ನನ್ನನ್ನು ಕಂಡಾಗ ಮಾಡುವ ಮುಖ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಅರಿಕೆ ಮಾಡಿಕೊಳ್ಳುವುದೇನೆಂದರೆ, ನಾನು ಅರ್ಜಿ ಬರೆಯುವುದನ್ನು ಕಲಿತದ್ದು ವಿಜಯಪುರದ ಶಾಲೆಯಲ್ಲಿ, ಕನ್ನಡದಲ್ಲಿ. ಬೇರೆ ಭಾಷೆಯಲ್ಲಿ ಜಗಳ ಬರುತ್ತದೆ, ಅರ್ಜಿ ಬರುವುದಿಲ್ಲ. ಕಾರಣ, ಭಾನುವಾರದ ಸಭೆಯಲ್ಲಿ ಇದನ್ನು ನಾನು ಓದುತ್ತೇನೆ, ನನ್ನ ಮಗಳು ರಾಧಿಕಾ ತಮಗೆ ಹಿಂದಿಯಲ್ಲಿ ಹೇಳುತ್ತಾಳೆ. (ರಾಧಿಕಾ, ಶೀತಲ ಆಂಟಿಯ ಮುಖದ ವಿಷಯ ಬಿಟ್ಟುಬಿಡು.)

೧. ಸದರಿ ಗೊಂಬೆಗಳು ಬೈಕುಲ್ಲಾದ ಸಾಲುಮನೆಗಳ ಚಾಳಿನಲ್ಲಿದ್ದ ನನ್ನ ಸೋದರತ್ತೆ ನಾಗರತ್ನಾ ಅವರವು. ಅವರು ಕೊಂಡದ್ದು ಒಂದೂ ಇಲ್ಲ. ಹೊಸ ಗೊಂಬೆ ಬಂದ ಮೇಲೆ ಮಗುವಿಗೆ ಜ್ವರ ಬಂದರೆ ಚಾಳಿನವರಿಗೆ ಗೊಂಬೆಯ ಮೇಲೆ ಅನುಮಾನ. ಕಸಕ್ಕೆ ಹಾಕಲು ಭಯ, ಇನ್ನೊಬ್ಬರ ಮಗುವಿಗೆ ಕೊಡಲು ನಾಚಿಕೆ. ಆದ್ದರಿಂದ ಎಲ್ಲರೂ ಅತ್ತೆಯ ಬಾಗಿಲಿಗೆ ತರುತ್ತಿದ್ದರು. ಮಕ್ಕಳಿಲ್ಲದ ವಿಧವೆ, ಯಾರಿಗೂ ಅಂಜದ ಹೆಂಗಸು. "ಇಡ್ರಿ ಇಲ್ಲೆ. ನನಗ ಅಂಜಿ ಆ ದೆವ್ವನ ಓಡಿ ಹೋಗ್ತೈತಿ" ಎನ್ನುತ್ತಿದ್ದರು.

೨. ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದ ಮೇಲೆ ಗೊಂಬೆಗೊಂದು ಹೆಸರಿಟ್ಟು ಹಲಗೆಯ ಮೇಲೆ ಕೂರಿಸುವುದು ಅತ್ತೆಯ ಪದ್ಧತಿ. ಅಲ್ಲಿಗೆ ಮುಗಿಯಲಿಲ್ಲ. ದಿನಾ ಸಂಜೆ ದೀಪ ಹಚ್ಚಿ ಪ್ರತಿಯೊಂದನ್ನೂ ಮಾತಾಡಿಸಬೇಕು. "ಮಾತಾಡ್ಸಲಿಲ್ಲಂದ್ರ ಗೊಂಬಿಗೂ ಸಿಟ್ಟು ಬರ್ತೈತಿ" ಎಂಬುದು ಅವರ ವಾದ. ಗೊಂಬೆಗಳು ಬಂದದ್ದು ಮರಾಠಿ, ಗುಜರಾತಿ, ಉರ್ದು, ಕೊಂಕಣಿ ಮನೆಗಳಿಂದ. ಆದರೆ ಅತ್ತೆ ಮಾತಾಡುತ್ತಿದ್ದುದು ಕನ್ನಡ ಒಂದೇ ಆದ ಕಾರಣ, ಒಳಗಿದ್ದ ದೆವ್ವಗಳಿಗೂ ಬೇರೆ ದಾರಿ ಇರಲಿಲ್ಲ.

೩. ಹೋದ ವರ್ಷ ಅತ್ತೆ ತೀರಿಕೊಂಡರು. ಗೊಂಬೆಗಳನ್ನು ಕೊಂಡೊಯ್ಯಲು ನೆಂಟರಲ್ಲಿ ಯಾರೂ ಮುಂದೆ ಬರಲಿಲ್ಲ. ಆದ್ದರಿಂದ ಟೆಂಪೋದಲ್ಲಿ ಕಾಂದಿವಲಿಗೆ ಬಂದವು. ನನ್ನ ಹೆಂಡತಿ ಮಾಧುರಿ ಅವುಗಳಿಗೆ ಬೆನ್ನು ತೋರಿಸದೆ ಕಸ ಗುಡಿಸಲು ಕಲಿತಳು.

೪. ನಮ್ಮ ಮನೆಯಿಂದ ಸಂಜೆ ಹೊತ್ತು ಮುದುಕಿಯೊಬ್ಬಳು ಅರ್ಥವಾಗದ ಭಾಷೆಯಲ್ಲಿ ಬೈಯುವುದು ಕೇಳಿಸುತ್ತದೆ, ಆ ಮನೆಯಲ್ಲಿ ಮುದುಕಿಯೇ ಇಲ್ಲ ಎಂದು ಶೀತಲ ಅವರು ದೂರಿದ್ದಾರೆ. ದೂರು ನಿಜ. ನಾನೇ ಮೊದಲ ಸಲ ಕೇಳಿದಾಗ ಚಹಾದ ಗ್ಲಾಸು ಬೀಳಿಸಿದ್ದೇನೆ. ಒಳಕೋಣೆಯಿಂದ ಅತ್ತೆಯದೇ ರಾಗ, ಅತ್ತೆಯದೇ ಬಿರುಸು: "ಯಾಕವಾ ಸುಂದ್ರಿ, ಮಾರಿ ಸಣ್ಣ ಮಾಡ್ಕೊಂಡು ಕುಂತಿಯಲ್ಲ? ಉಂಡಿಯೋ ಇಲ್ಲೋ?" ಇಣುಕಿ ನೋಡಿದರೆ ದೀಪದ ಮುಂದೆ ರಾಧಿಕಾ, ಅವಳ ಎದುರಿಗೆ ಒಂದು ಕಣ್ಣು ಹೋದ ಸುಂದ್ರಿ ಎಂಬ ಗೊಂಬೆ.

೫. ತಾವು ಗಣಪತಿ ವಿಸರ್ಜನೆಯ ಜೊತೆ ಇವನ್ನೂ ನೀರಿಗೆ ಬಿಡಲು ಸಲಹೆ ನೀಡಿದ್ದೀರಿ. ಸಲಹೆ ಒಳ್ಳೆಯದೇ. ಆದರೆ ಆ ಗದ್ದಲದಲ್ಲಿ ಇಡೀ ಸೊಸೈಟಿ ಗಂಟಲು ಹರಿಯುವಂತೆ 'ಮುಂದಿನ ವರ್ಷ ಬೇಗ ಬಾ' ಎಂದು ಕೂಗುತ್ತದೆ. ಕರೆದದ್ದು ಯಾರನ್ನು ಎಂದು ಗೊಂಬೆಗಳಿಗೆ ಹೇಗೆ ಗೊತ್ತಾಗಬೇಕು? ಇದಲ್ಲದೆ, ನೋಟಿಸು ಬಂದ ವಾರವೇ ಶೀತಲ ಅವರು ತಮ್ಮ ಮನೆಯ ಕಣ್ಣು ಮಿಟುಕಿಸುವ ಗೊಂಬೆಯನ್ನು ಚೀಲದಲ್ಲಿ ಹಾಕಿ ನಮ್ಮ ಬಾಗಿಲಿಗೆ ತೂಗುಹಾಕಿ ಹೋಗಿದ್ದಾರೆ. ಸೇರಿಸಿಕೊಂಡಿದ್ದೇವೆ.

(ರಾಧಿಕಾ, ಇನ್ನು ನೀನು ಎಲ್ಲರಿಗೂ ನೀರು ತಾ. ಮುಂದಿನದನ್ನು ನಿನ್ನ ಮಮ್ಮಿ ಹೇಳುತ್ತಾಳೆ.)

೬. ಮಾನ್ಯರೇ, ಈ ಹುಡುಗಿಗೆ ಕನ್ನಡ ತಿಳಿಯುತ್ತದೆ, ಆದರೆ ಮಾತಾಡುತ್ತಿರಲಿಲ್ಲ. ನಾವು ಏನು ಕೇಳಿದರೂ ಹಿಂದಿಯಲ್ಲೇ ಉತ್ತರ. ರಜೆಯಿದ್ದಾಗಲೆಲ್ಲ ಬೈಕುಲ್ಲಾಕ್ಕೆ ಕರೆದೊಯ್ಯುತ್ತಿದ್ದೆವು. ಅತ್ತೆ ಗೊಂಬೆಗಳನ್ನು ಮಾತಾಡಿಸುವುದನ್ನು ಬಾಯಿಬಿಟ್ಟುಕೊಂಡು ನೋಡುತ್ತಿದ್ದಳು, ಅತ್ತೆ ತನ್ನನ್ನೇ ಮಾತಾಡಿಸಿದರೆ ತಲೆ ಆಡಿಸುತ್ತಿದ್ದಳು. "ಕೂಸಿನ ಬಾಯಾಗಿಂದ ಒಂದ್ ಮಾತ್ ಕೇಳಿ ಹೋಗಬೇಕಂತ ಆಸೆ ನೋಡಪಾ" ಎಂದು ಅತ್ತೆ ನನಗೆ ಹೇಳಿದ್ದರು. ಕೇಳದೆಯೇ ಹೋದರು.

೭. ತಮ್ಮ ನೋಟಿಸಿಗೆ ಗೌರವ ಕೊಟ್ಟು ಗೊಂಬೆಗಳನ್ನೆಲ್ಲ ಡಬ್ಬದಲ್ಲಿ ಕಟ್ಟಿ ಅಟ್ಟಕ್ಕೆ ಏರಿಸಿ ನೋಡಿದೆವು. ಮುದುಕಿಯ ಧ್ವನಿ ಕೂಡಲೇ ನಿಂತಿತು. ಶೀತಲ ಅವರು ಲಿಫ್ಟಿನಲ್ಲಿ ನನಗೆ ನಮಸ್ಕಾರ ಮಾಡಿದರು. ಮಗಳು ಪುನಃ ಹಿಂದಿಗೆ ಮರಳಿದಳು. "ನಮ್ಮ ಜೊತೆ ಮಾತಾಡು, ನಾವಿಲ್ವಾ?" ಎಂದು ಮಾಧುರಿ ಅಂಗಲಾಚಿದಳು. ರಾಧಿಕಾ "ಗುಡಿಯಾ ಲೋಗ್ ಹಸ್ತೇ ನಹೀಂ, ಮಮ್ಮಿ" ಎಂದಳು. ಗೊಂಬೆಗಳು ನಗುವುದಿಲ್ಲವಂತೆ.

೮. ಆಗ ನಮಗೆ ನೆನಪಾಯಿತು. ಅವಳು ಚಿಕ್ಕವಳಿದ್ದಾಗ ವಿಜಯಪುರದ ಒಂದು ಮದುವೆಮನೆಯಲ್ಲಿ ಕನ್ನಡದಲ್ಲಿ ಕುಡಿಯಲು ನೀರು ಕೇಳಿದ್ದಳು. ಅವಳ ಉಚ್ಚಾರಕ್ಕೆ ಬಳಗವೆಲ್ಲ ಪ್ರೀತಿಯಿಂದಲೇ ನಕ್ಕಿತ್ತು. "ಇನ್ನೊಮ್ಮಿ ಹೇಳವಾ, ಇನ್ನೊಮ್ಮಿ!" ಎಂದು ಕೆನ್ನೆ ಹಿಂಡಿತ್ತು. ಅವಳು ಇನ್ನೊಮ್ಮೆ ಹೇಳಲಿಲ್ಲ. ಅಂದು ನೀರನ್ನೂ ಕುಡಿಯಲಿಲ್ಲ.

ಆದ್ದರಿಂದ ಅದೇ ದಿನ ಡಬ್ಬ ಕೆಳಗಿಳಿಸಿದ್ದೇವೆ. ಮುದುಕಿ ಮರಳಿ ಬಂದಿದ್ದಾಳೆ. ಅವಳನ್ನು ಬಿಡಿಸಲು ಯಾವ ಮಾಂತ್ರಿಕನನ್ನೂ ಕರೆಸುವ ಮನಸ್ಸು ನಮಗಿಲ್ಲ.

ಕಾರಣ, ತಾವು ದಯವಿಟ್ಟು ಸದರಿ ಗೊಂಬೆಗಳನ್ನು ನಮ್ಮ ಕುಟುಂಬದ ಸದಸ್ಯರೆಂದು ಪರಿಗಣಿಸಿ, ದೀಪ ಹಚ್ಚುವ ಹೊತ್ತಿನ ಬೈಗುಳವನ್ನು ಟ್ಯೂಷನ್ ಎಂದು ತಿಳಿದು, ನೋಟಿಸನ್ನು ಹಿಂಪಡೆಯಬೇಕಾಗಿ ಕೋರುತ್ತೇನೆ. ತಮಗೆ ಖಾತ್ರಿಯಾಗಲೆಂದು ಈ ಓದು ಮುಗಿದ ಮೇಲೆ ರಾಧಿಕಾ ತಮ್ಮೆಲ್ಲರ ಎದುರು ಸುಂದ್ರಿಯನ್ನು ಕನ್ನಡದಲ್ಲಿ ಮಾತಾಡಿಸಲು ಒಪ್ಪಿದ್ದಾಳೆ. ಆ ಮದುವೆಮನೆಯ ನಂತರ ಮನುಷ್ಯರ ಮುಂದೆ ಇದು ಅವಳ ಮೊದಲ ಸಲ.

ತಮ್ಮ ವಿಶ್ವಾಸಿ,
ಈಶ್ವರ ಸಾ. ಹೊಸಮನಿ

ಲಗತ್ತುಗಳು:
೧. ತಮ್ಮ ನೋಟಿಸಿನ ಪ್ರತಿ.
೨. ಸುಂದ್ರಿ, ಪರಿಶೀಲನೆಗಾಗಿ. (ಹೆದರುವವರು ಹಿಂದಿನ ಕುರ್ಚಿಗಳಲ್ಲಿ ಕೂರಬಹುದು.)
೩. ರಾಧಿಕಾ, ಮೂಲ ಪ್ರತಿ. ನಕಲು ಇಲ್ಲ. ಸಭೆ ಮುಗಿದ ಕೂಡಲೇ ಹಿಂತಿರುಗಿಸಬೇಕು.

ವಿಶೇಷ ಸೂಚನೆ: ಅನುಮತಿ ಕೊಡುವುದು ಬಿಡುವುದು ತಮಗೆ ಬಿಟ್ಟದ್ದು. ಅವಳು ಮಾತಾಡುವಾಗ ಮಾತ್ರ, ಪ್ರೀತಿಯಿಂದಲೂ, ಯಾರೂ ನಗಬಾರದಾಗಿ ವಿನಂತಿ.