ಜ್ವರ ಬಿಟ್ಟ ಮೇಲಿನ ರೊಟ್ಟಿ

ಜ್ವರಕ್ಕೆ ಇರುವ ಮರ್ಯಾದೆ, ಅದು ಬಿಟ್ಟುಹೋದ ಮೇಲೆ ಉಳಿಯುವ ನೋವಿಗೆ ಇಲ್ಲ. ನಾನು ಚಿಕೂನ್‌ಗುನ್ಯಾ ಬಂದು ಮಲಗಿದಾಗ ಬೆಟಗೇರಿಯ ನಮ್ಮ ಓಣಿಯ ಅರ್ಧ ಜನ ಮಾತಾಡಿಸಲು ಬಂದರು, ಮೋಸಂಬಿ ತಂದರು, ಅಮೃತಬಳ್ಳಿ ಕಷಾಯದಿಂದ ಹಿಡಿದು ಪಪ್ಪಾಯಿ ಎಲೆಯ ರಸದವರೆಗೆ ಗೊತ್ತಿದ್ದದ್ದನ್ನೆಲ್ಲ ಕುಡಿಸಿದರು. ಐದನೇ ದಿನ ಜ್ವರ ಇಳಿಯಿತು. ಆರನೇ ದಿನದಿಂದ ನಾನು ಗಟ್ಟಿಮುಟ್ಟಾದ ಹೆಂಗಸು ಎಂದು ಎಲ್ಲರೂ ಕೂಡಿ ತೀರ್ಮಾನಿಸಿಬಿಟ್ಟರು. ಅದಾಗಿ ಐದು ತಿಂಗಳು. ಈಗಲೂ ಬೆಳಿಗ್ಗೆ ಎದ್ದರೆ ಬೆರಳು ಮಡಚುವುದಿಲ್ಲ, ಮಡಚಿದರೆ ಬಿಚ್ಚುವುದಿಲ್ಲ. ನಲ್ಲಿ ತಿರುಗಿಸಲು ಎರಡೂ ಕೈ ಬೇಕು, ನೆಲದಿಂದ ಏಳಲು ಗೋಡೆ ಬೇಕು.

ನಮ್ಮ ಯಜಮಾನರು ಹೈಸ್ಕೂಲಿನಲ್ಲಿ ಲೆಕ್ಕ ಕಲಿಸುವ ಮಾಸ್ತರರು. ಥರ್ಮಾಮೀಟರಿನಲ್ಲಿ ಕಾಣದ ಕಾಯಿಲೆ ಅವರಿಗೆ ಕಾಯಿಲೆಯೇ ಅಲ್ಲ. "ಬೆರಳು ನೋಯ್ತಾವ್ರೀ" ಎಂದರೆ ಪೇಪರಿನಿಂದ ತಲೆ ಎತ್ತದೆ "ಜ್ವರ ಬಿಟ್ಟತಲ್ಲ" ಎನ್ನುತ್ತಾರೆ. ಡಾಕ್ಟರು "ಆರು ತಿಂಗಳೂ ಆಗಬಹುದು, ವರ್ಷಾನೂ ಆಗಬಹುದು" ಎಂದದ್ದು ನನ್ನ ಮುಂದೆ, ಇವರ ಮುಂದಲ್ಲ. ಸಿಟ್ಟು ಬರದೆ ಇನ್ನೇನು? ಇಷ್ಟು ದಿನ ನನಗಿದ್ದದ್ದು ಒಂದೇ ಆಸೆ. ಮನೆಯವರಲ್ಲಿ ಯಾರಾದರೊಬ್ಬರು "ಪಾಪ, ಇಕಿಗೆ ಖರೇನ ನೋವೈತಿ" ಎನ್ನಲಿ ಎಂದು. ಕೈಯಲ್ಲಿ ರೊಟ್ಟಿ ಬಡಿಯಲಾಗದೆ ದಿನಾ ಅನ್ನವನ್ನೇ ಬಡಿಸಿದೆ. ಅದನ್ನು ತಿಂದು ತಿಂದು ತಮಗೆ ನಿಶ್ಶಕ್ತಿ ಬಂದಿದೆ ಎಂದರು ಯಜಮಾನರು. ಅದನ್ನು ಮಾತ್ರ ಕಾಯಿಲೆ ಎಂದು ಒಪ್ಪಿಕೊಂಡರು.

ಹೀಗಿರುವಾಗ ಶಿರಹಟ್ಟಿಯಿಂದ ಅತ್ತೆ ಬರುತ್ತಾರೆಂದು ಸುದ್ದಿ ಬಂತು. ಹದಿನೈದು ವರ್ಷದ ಹಿಂದೆ, ನಾನು ಹೊಸ ಸೊಸೆಯಾಗಿ ಮಾಡಿದ ಮೊದಲ ರೊಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿ, ಒಂದು ಮಾತೂ ಆಡದೆ ಕೆಳಗಿಟ್ಟವರು ಅವರು. ಅಂದಿನಿಂದ ರೊಟ್ಟಿಯ ವಿಷಯದಲ್ಲಿ ನಾನು ಅವರೆದುರು ಸೋತದ್ದಿಲ್ಲ. ಈಗ ಸೋಲುವುದುಂಟೇ? ಪಕ್ಕದ ಮನೆಯ ಖಾತೂನಬಿಯ ಹತ್ತಿರ ಓಡಿದೆ, ಅತ್ತೆ ಬಂದ ದಿನ ನನ್ನ ಬದಲು ರೊಟ್ಟಿ ಬಡಿದುಕೊಡು ಎಂದೆ.

"ಅಕ್ಕಾ, ಕೈ ನೋಯ್ತೈತಿ ಅಂತ ಹೇಳಿದ್ರ ಮುಗೀತಲ್ಲ" ಎಂದಳು ಆಕೆ. ಅವಳ ಮಾತು ಹಿಡಿಸದಿದ್ದದ್ದು ಅದೊಂದೇ ಸಲ. ಅತ್ತೆಗೂ ಅವಳು ಬೇಕಾದವಳೇ. ಬಂದಾಗಲೆಲ್ಲ ಮೊದಲ ಚಹಾ ಅವಳ ಮನೆಯಲ್ಲೇ. ಆದರೂ ಈ ಗುಟ್ಟು ಹೇಳಕೂಡದು ಎಂದು ಆಣೆ ಹಾಕಿಸಿದೆ.

ಅತ್ತೆ ಬಂದ ಮಧ್ಯಾಹ್ನ ಖಾತೂನಬಿ ಹಿತ್ತಲ ಗೋಡೆಯ ಮೇಲಿಂದ ಬಿಸಿ ಬಿಸಿ ಎಂಟು ರೊಟ್ಟಿ ಕೊಟ್ಟಳು. ರೊಟ್ಟಿ ಬಂದರೆ ಸಾಲದು, ಬಡಿದ ಸಪ್ಪಳವೂ ಬರಬೇಕಲ್ಲ. ಅಡಿಗೆಮನೆಯ ಬಾಗಿಲು ಹಾಕಿಕೊಂಡು, ಬೆರಳು ಬಾರದ್ದಕ್ಕೆ ಮೊಣಕೈಯಿಂದಲೇ ಮಣೆಯನ್ನು ಪಟಪಟ ಬಡಿದೆ. ಎಂಟು ರೊಟ್ಟಿಗೂ ಬಡಿದೆ, ನಡುನಡುವೆ ಹಂಚಿಗೆ ಹಾಕುವಷ್ಟು ಹೊತ್ತು ಬಿಟ್ಟು. ಹೊರಗೆ ಯಜಮಾನರು "ಅವ್ವಾ, ಕೇಳು, ರೊಟ್ಟಿ" ಎಂದದ್ದು ಕೇಳಿಸಿತು. ಐದು ತಿಂಗಳಲ್ಲಿ ಅವರ ದನಿ ಅಷ್ಟು ಮೆತ್ತಗಾದದ್ದು ನಾ ಕೇಳಿರಲಿಲ್ಲ.

ಅತ್ತೆ ಬದನೆಕಾಯಿ ಪಲ್ಯದ ಜೊತೆ ಎರಡು ರೊಟ್ಟಿ ತಿಂದು, ಮೂರನೆಯದನ್ನು ಬೆಳಕಿಗೆ ಹಿಡಿದು ನೋಡಿದರು.

"ಶಾಂತಾ, ಹದಿನೈದು ವರ್ಷದಾಗ ಇಂಥಾ ರೊಟ್ಟಿ ನೀ ಮಾಡಿರಲಿಲ್ಲ ನೋಡು."

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅಷ್ಟರಲ್ಲಿ ಅವರೇ ಮುಂದುವರಿಸಿದರು.

"ನಿನ್ನ ಕೈಗೆ ಭಾಳ ನೋವೈತಿ ಅಂತ ಕೇಳಿದ್ದೆ. ನನಗೂ ಆ ಜ್ವರ ಬಂದಾಗ ವರ್ಷಗಟ್ಟಲೆ ಕಾಡಿತ್ತು, ಯಾರೂ ನಂಬಲಿಲ್ಲ. ನಿನ್ನ ಕೂಡ್ಸಿ ತಿಂಗಳಗಟ್ಲೆ ನಾನ ಅಡಿಗಿ ಮಾಡಬೇಕಂತ ಬಂದೀನಿ. ಖರೇ ಹೇಳು, ನೋವೈತೇನು?"

ಐದು ತಿಂಗಳಿಂದ ಕಾದಿದ್ದ ಮಾತು ಎದುರಿಗೇ ಕುಳಿತಿತ್ತು. ಹೌದು ಎಂದರೆ ಸಾಕು. ಆದರೆ ಹೌದು ಎಂದರೆ ಆ ರೊಟ್ಟಿ ಯಾರದು?

"ಇಲ್ರೀ ಅತ್ತಿ, ಎಲ್ಲಾ ಆರಾಮ ಆಗೇತಿ" ಎಂದೆ.

"ಹಂಗಾರ ಚಲೋ ಆತು. ಬರೂ ವಾರ ನಿನ್ನ ಬಸುರಿ ನಾದಿನಿ ಕುಬಸಕ್ಕ ನೂರು ರೊಟ್ಟಿ ನೀನ ಮಾಡು" ಎಂದು ಅತ್ತೆ ಮರುದಿನವೇ ಶಿರಹಟ್ಟಿ ಬಸ್ಸು ಹತ್ತಿದರು. "ನಾ ಹೇಳಿದ್ದಿಲ್ಲೇನು, ಜ್ವರ ಬಿಟ್ಟತಲ್ಲ" ಎಂದರು ಯಜಮಾನರು.

ಬೆರಳಿನ ನೋವು ಇದ್ದಂತೆಯೇ ಇದೆ. ಈಗ ಮೊಣಕೈಯೂ ಬಾತುಕೊಂಡಿದೆ. ಅದನ್ನಂತೂ ಯಾರಿಗೂ ಹೇಳುವಂತಿಲ್ಲ. ರೊಟ್ಟಿ ಬಡಿಯಲು ಮೊಣಕೈ ಯಾಕೆ ಬೇಕಾಯಿತು ಎಂದು ಕೇಳುತ್ತಾರೆ.