ಸುಳ್ಳಾಡದ ದೊಡ್ಡವ್ವನ ಪೋಕರ್

ನಮ್ಮ ದೊಡ್ಡವ್ವ ಹುಟ್ಟಿದಾಗಿನಿಂದ ಒಂದೇ ಒಂದು ಸುಳ್ಳು ಹೇಳಿದವಳಲ್ಲ. ಆದರೆ ಅವಳಷ್ಟು ದೊಡ್ಡ ಮೋಸಗಾರ್ತಿ ಇಡೀ ಬೀದರ ಜಿಲ್ಲೆಯಲ್ಲಿ ಇನ್ನೊಬ್ಬಳಿಲ್ಲ! ಎರಡೂ ಹೇಗೆ ನಿಜ ಎಂದು ಕೇಳುತ್ತೀರಾ? ನಾನೂ ವರ್ಷಗಳಿಂದ ಅದನ್ನೇ ಕೇಳಿಕೊಳ್ಳುತ್ತಿದ್ದೇನೆ.

ದೊಡ್ಡವ್ವ ನನ್ನ ಅವ್ವನ ಅಕ್ಕ. ಭಾಲ್ಕಿಯ ಸಾಲೆಯಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು, ಬಸವಣ್ಣನ ಭಕ್ತೆ, ಬೆಳಿಗ್ಗೆ ಲಿಂಗಪೂಜೆಯಾಗದೆ ಚಹಾ ಕೂಡ ಮುಟ್ಟುವುದಿಲ್ಲ. ಒಮ್ಮೆ ಔರಾದದ ಬೀಗರ ಮನೆಯಲ್ಲಿ ಊಟಕ್ಕೆ ಕೂತಿದ್ದೆವು. ಮನೆಯಾಕೆ ಬಂದು, "ಹೋಳಿಗಿ ಹ್ಯಾಂಗ ಆಗ್ಯಾವ್ರಿ?" ಎಂದು ಪ್ರೀತಿಯಿಂದ ಕೇಳಿದರು. "ಹೂರಣ ಛಲೋ ಅದರಿ. ಕಣಕ ಹರಿಲಿಕ್ಕೆ ಎರಡೂ ಕೈ ಬೇಕ್ರಿ," ಎಂದಳು ದೊಡ್ಡವ್ವ. ಆ ಬೀಗರು ಇವತ್ತಿಗೂ ನಮಗೆ ಅನ್ನ ಸಾರು ಬಿಟ್ಟು ಬೇರೇನೂ ಬಡಿಸಿಲ್ಲ.

ಇಂಥವಳಿಗೆ ಮಾಳಿಗೆ ಮೇಲೆ ಬಾಡಿಗೆಗಿದ್ದ ನರ್ಸಿಂಗ್ ಓದುವ ಹುಡುಗಿಯರು ಪೋಕರ್ ಕಲಿಸಿಬಿಟ್ಟರು. ಪ್ರತಿಯೊಬ್ಬರ ಕೈಗೂ ಗುಟ್ಟಾಗಿ ಎರಡು ಎಲೆ. ಎಲ್ಲರಿಗೂ ಸೇರಿದ ಐದು ಎಲೆ ನಡುವೆ ತೆರೆದುಕೊಳ್ಳುತ್ತವೆ. ಅವು ಬಿಚ್ಚಿಕೊಂಡಂತೆಲ್ಲ ಪಣ ಏರಿಸಬಹುದು, ಎಷ್ಟಾದರೂ ಏರಿಸಬಹುದು. ಯಾರಾದರೂ ಸರಿಸಮ ಪಣ ಇಟ್ಟು ಹಿಡಿದರೆ ಇಬ್ಬರೂ ಎಲೆ ತೋರಿಸಬೇಕು, ದೊಡ್ಡ ಎಲೆಯವರು ಗೆದ್ದರು. ಉಳಿದವರೆಲ್ಲ ಹೆದರಿ ಎಲೆ ಕೆಳಗಿಟ್ಟರೆ ರಾಶಿ ನಿಮ್ಮದು. ಕೈಯಲ್ಲಿ ಏನಿತ್ತೆಂದು ಯಾರಿಗೂ ತೋರಿಸಬೇಕಾಗಿಲ್ಲ. ಈ ಕೊನೆಯ ನಿಯಮ ಕೇಳಿದ ದಿನವೇ ದೊಡ್ಡವ್ವ ಆಟಕ್ಕೆ ಶರಣಾದಳು.

"ಸುಳ್ಳು ಹೇಳಬಾರದು ಅಂತೀ, ಮತ್ತ ಇದೇನು?" ಎಂದು ನಾನು ಕೇಳಿದೆ.

"ನಾ ಬಾಯಿ ಬಿಟ್ಟೆನೇನು? ಕಾಳು ಮುಂದ ಸರಿಸ್ದೆ. ನೀ ಏನರೆ ತಿಳ್ಕೊಂಡ್ರ ಅದು ನಿನ್ನ ಜವಾಬ್ದಾರಿ."

ಹೌದು, ಕಾಳು. ರೊಕ್ಕ ಇಟ್ಟರೆ ಜೂಜು, ಕಾಳು ಇಟ್ಟರೆ ಗಣಿತ ಎಂಬುದು ಅವಳ ವಾದ.

ಕಳೆದ ವರ್ಷ ಅಪ್ಪ ತೀರಿಕೊಂಡ ಮೇಲೆ ಈ ಆಟ ಬೀದರಿನ ನಮ್ಮ ಮನೆಗೆ ಬಂತು. ಅವ್ವ ಮಾತು ಬಿಟ್ಟಿದ್ದಳು. ಸಿಟ್ಟಿಲ್ಲ, ಅಳುವಿಲ್ಲ. ಕರೆದರೆ ಬರುತ್ತಿದ್ದಳು, ತಟ್ಟೆ ಕೊಟ್ಟರೆ ಎರಡು ತುತ್ತು ತಿನ್ನುತ್ತಿದ್ದಳು, ಅಷ್ಟೇ. ಡಾಕ್ಟರು ಗುಳಿಗೆ ಕೊಟ್ಟು, ಜನರ ನಡುವೆ ಕೂರಿಸಿ ಎಂದರು. ಹೀಗೇ ಬಿಟ್ಟರೆ ಅವ್ವನೂ ನಮ್ಮ ಕೈತಪ್ಪುತ್ತಾಳೆಂದು ನನಗೆ ಭಯ. ಮುಂದಿನ ಐತವಾರ ಭಾಲ್ಕಿಯ ಬಸ್ಸಿಳಿದು ಬಂದ ದೊಡ್ಡವ್ವ ನೇರ ಇಸ್ಪೀಟು ಹಾಸಿದಳು.

ನಾಲ್ಕನೆಯ ಕೈ ಬೇಕೆಂದು ಪಕ್ಕದ ಮನೆಯ ಸಾಹುಕಾರರನ್ನು ಕರೆದೆವು. ಅವರು ಗಾಂಧಿ ಗಂಜ್ ಎಂಬ ಕಾಳಿನ ಪೇಟೆಯ ಅಡತಿ ವ್ಯಾಪಾರಿ, ರೈತರ ಕಾಳು ಮಾರಿಸಿಕೊಡುವವರು. ಗಂಜಿನಿಂದ ಬಂದ ಸ್ಯಾಂಪಲ್ ಪೊಟ್ಟಣಗಳನ್ನು ಅವರೇ ತಂದರು, ತಕರಾರನ್ನೂ ಅವರೇ ತಂದರು. ದೊಡ್ಡವ್ವ ಗಾತ್ರ ನೋಡಿ, ಹೆಸರುಕಾಳು ಚಿಕ್ಕದು, ತೊಗರಿ ಮಧ್ಯಮ, ಕಡಲೆ ದೊಡ್ಡದು ಎಂದು ಬೆಲೆ ಕಟ್ಟಿದ್ದಳು.

"ಅದ್ಹ್ಯಾಂಗರಿ ಬಾಯಿ? ಗಂಜಿನಾಗ ತೊಗರಿ ರೇಟು ಕಡ್ಲಿಗಿಂತ ಮ್ಯಾಲ ಅದ. ನಾ ಕಡ್ಲಿಗಿ ತೊಗರಿ ಬಿಟ್ಟುಕೊಟ್ರ ನಾಳಿ ಗಂಜಿನಾಗ ಮುಖ ಹ್ಯಾಂಗ ತೋರಿಸ್ಲಿ?"

ಕೊನೆಗೆ ಗಂಜಿನ ಧಾರಣೆಯಂತೆಯೇ ಆಡುವುದೆಂದು ತೀರ್ಮಾನವಾಯಿತು. ಜಗತ್ತಿನಲ್ಲಿ ಎಲ್ಲಾದರೂ ಹೀಗೆ ಪೋಕರ್ ಆಡುತ್ತಾರೆಯೇ? ಒಮ್ಮೆ ಆಟದ ನಡುವೆ ಅವರಿಗೆ ಫೋನ್ ಬಂದು ಹೆಸರಿನ ರೇಟು ಜಿಗಿದಿದೆ ಎಂದು ತಿಳಿದಾಗ, ಪೂರ್ತಿ ಸೋತು ಒಂದಿಷ್ಟು ಹೆಸರು ಮಾತ್ರ ಉಳಿಸಿಕೊಂಡಿದ್ದ ನಾನು ಕೂತಲ್ಲೇ ಸಾಹುಕಾರನಾದೆ!

ಆದರೆ ದೊಡ್ಡವ್ವನ ಮುಂದೆ ಆ ಶ್ರೀಮಂತಿಕೆ ಎಷ್ಟು ಹೊತ್ತು ಉಳಿದೀತು? ಒಂದು ಆಟದಲ್ಲಿ ಅವಳು ಒಂದು ಹಿಡಿ ತೊಗರಿ ಮುಂದಿಟ್ಟಳು. ಸಾಹುಕಾರರು ಬೆವರೊರೆಸಿಕೊಂಡು, ನೇರವಾಗಿ ಕೇಳಿಯೇಬಿಟ್ಟರು. "ಖರೇ ಹೇಳ್ರಿ ಬಾಯಿ, ಕೈಯಾಗ ಎಕ್ಕಾ ಅದ ಏನ್ರಿ?"

"ಇಲ್ಲರಿ. ಏನೂ ಇಲ್ಲ," ಎಂದಳು ದೊಡ್ಡವ್ವ. ಕೇಳಿದ ಮೇಲೆ ಹೇಳಲೇಬೇಕಲ್ಲ!

ಸಾಹುಕಾರರು ಬಹಳ ಹೊತ್ತು ಅವಳ ಮುಖ ನೋಡಿ, ನಿಟ್ಟುಸಿರು ಬಿಟ್ಟು ಎಲೆ ಕೆಳಗಿಟ್ಟರು. ಗಂಜಿನಲ್ಲಿ ಕೂದಲು ನೆರೆಸಿದ ಮನುಷ್ಯ. ತನ್ನ ಮಾಲು ಚೆನ್ನಾಗಿಲ್ಲ ಎಂದು ಒಬ್ಬರಾದರೂ ಬಾಯಿಬಿಟ್ಟು ಹೇಳಿದ್ದನ್ನು ಕೇಳಿಲ್ಲ, ನಂಬುವುದಾದರೂ ಹೇಗೆ, ಪಾಪ. ಕೈಯಲ್ಲಿ ನಿಜವಾಗಿಯೂ ಏನೂ ಇರಲಿಲ್ಲವೆಂದು ದೊಡ್ಡವ್ವ ತೋರಿಸಿದಾಗ, ಅವರು ಚಹಾ ಕುಡಿಯದೆ ಎದ್ದು ಹೋದರು.

ನನಗೆ ಅವಳ ಗುಟ್ಟು ತಿಳಿಯುವ ಹಂಬಲ. ನಾನು ಪೊಳ್ಳು ಎಲೆ ಹಿಡಿದು ಇಡೀ ರಾಶಿ ನೂಕಿದಾಗಲೆಲ್ಲ ಅವಳು ಹಿಡಿದುಬಿಡುತ್ತಿದ್ದಳು. ಕಡೆಗೆ ಕೇಳಿದೆ.

"ಖರೇನ ಛಲೋ ಎಲಿ ಬಂದಾಗ ಎಷ್ಟು ಹಾಕ್ತೀಯೋ, ಇಲ್ಲದಾಗೂ ಅಷ್ಟೇ ಹಾಕು," ಎಂದಳು. "ಮನಸ್ಸಿಗಿ ಹೇಳೋದಲ್ಲ ಅದು, ಕೈಗಿ ಕಲಿಸೋದು. ನಡುವಿನ ರಾಶಿ ನೋಡು, ಅದರ ಅರ್ಧ ಹಾಕು, ಸುಮ್ನ ಕೂಡು. ಒಮ್ಮಿಗೇ ಎಲ್ಲ ನೂಕಿದ್ರ ಯಾರ ನಂಬ್ತಾರ?"

ಎಷ್ಟು ಐತವಾರ ಕಳೆದರೂ ಅವಳ ಕೈ ಆ ಲೆಕ್ಕ ತಪ್ಪಲಿಲ್ಲ. ಅವ್ವನೂ ತನ್ನ ಪಾಡು ಬಿಡಲಿಲ್ಲ. ಎಲೆ ಹಂಚಿದ ಕೂಡಲೇ, ತಿರುಗಿಸಿ ಸಹ ನೋಡದೆ, ಹಿಂದಕ್ಕೆ ಸರಿಸುತ್ತಿದ್ದಳು. ದೊಡ್ಡವ್ವ ಮುಂದಿನ ಆಟಕ್ಕೆ ಮತ್ತೆ ಅವಳ ಮುಂದೆ ಎಲೆ ಇಡುತ್ತಿದ್ದಳು. ಸಾಹುಕಾರರೂ ನಾನೂ ಜೋರಾಗಿ ಜಗಳಾಡುತ್ತಿದ್ದೆವು, ಆ ಮೌನ ಕೇಳಿಸದಿರಲೆಂದು.

ಆ ಐತವಾರವೂ ಹಾಗೇ ಶುರುವಾಯಿತು. ನಡುವೆ ಇನ್ನೂ ಒಂದು ಎಲೆಯೂ ಬಿಚ್ಚಿರಲಿಲ್ಲ, ಇದ್ದದ್ದು ಶುರುವಿಗೆ ತಲಾ ಒಂದರಂತೆ ಇಟ್ಟ ನಾಲ್ಕು ಕಾಳು. ದೊಡ್ಡವ್ವ ಅವ್ವನ ಮುಖವನ್ನೇ ನೋಡುತ್ತಿದ್ದವಳು, ಇದ್ದಕ್ಕಿದ್ದಂತೆ ಎರಡೂ ಕೈಯಿಂದ ತನ್ನ ಇಡೀ ರಾಶಿಯನ್ನು ನೂಕಿಬಿಟ್ಟಳು. ಕಡಲೆ ಮಂಚದ ಕೆಳಗೆಲ್ಲ ಉರುಳಿತು. ಸಾಹುಕಾರರು ಎಲೆ ಕೆಳಗಿಟ್ಟರು. ನಾನೂ ಇಟ್ಟೆ.

ಅವ್ವನ ಕೈ ಎಲೆಯ ಮೇಲಿತ್ತು. ಅದನ್ನು ಹಿಂದಕ್ಕೆ ಸರಿಸಲಿಲ್ಲ. ತಲೆಯೆತ್ತಿ ಅಕ್ಕನನ್ನು ನೋಡಿದಳು. ಆಮೇಲೆ ತನ್ನ ಮುಂದಿದ್ದ ಕಾಳನ್ನೆಲ್ಲ ಮೆಲ್ಲಗೆ ನಡುವಿಗೆ ಸರಿಸಿದಳು.

"ತೋರ್ಸು," ಎಂದಳು.

ಅಪ್ಪ ಹೋದ ಮೇಲೆ ಅವಳ ಬಾಯಿಂದ ಬಂದ ಮೊದಲ ಮಾತು ಅದು. ದೊಡ್ಡವ್ವ ತೋರಿಸಿದಳು. ದುಗ್ಗಿ, ಅಂದರೆ ಎರಡು, ಮತ್ತು ಏಳು. ಅದಕ್ಕಿಂತ ದರಿದ್ರ ಜೋಡಿ ಪೋಕರಿನಲ್ಲೇ ಇಲ್ಲ. ಅವ್ವ ಆಗ ತನ್ನ ಎಲೆ ತಿರುಗಿಸಿದಳು, ತಾನೂ ಮೊದಲ ಸಲ ನೋಡಿದಳು. ಅದರಲ್ಲೊಂದು ಬಾದಶಹ, ರಾಜನ ಎಲೆ. ನಡುವಿನ ಐದು ಎಲೆ ಬಿಚ್ಚಿದರೂ ಯಾರಿಗೂ ಏನೂ ಕೂಡಿಬರಲಿಲ್ಲ. ಬಾದಶಹನೇ ಗೆದ್ದ.

ಸಂಜೆ ದೊಡ್ಡವ್ವನನ್ನು ಬಸ್ ಸ್ಟ್ಯಾಂಡಿಗೆ ಬಿಡಲು ಹೋದೆ. ಅವಳ ಜಾಣತನಕ್ಕೆ ಮರುಳಾಗಿದ್ದೆ. "ಅವ್ವ ಹಿಡೀಲಿ ಅಂತ ಬೇಕಂತಲೇ ಹಂಗ ಹಾಕಿದಿ ಅಲ್ಲ?" ಎಂದೆ.

"ಇಲ್ಲಪ್ಪ," ಎಂದಳು. "ಅಕಿ ಮತ್ತ ಎಲಿ ಹಿಂದಕ್ಕ ಸರಸ್ತಾಳ ಅನ್ನಿಸ್ತು. ನನಗ ತಡೀಲಿಕ್ಕೆ ಆಗಲಿಲ್ಲ. ಲೆಕ್ಕ ಮರ್ತುಹೋಯ್ತು. ತಂಗಿ ಕೈಬಿಟ್ಟು ಹೊಂಟಾಳ ಅಂತ ಭಾಳ ಅಂಜಿದ್ದೆನೋ. ಅದು ಅಕಿಗಿ ಕಾಣಿಸ್ತು."

ಬಸ್ಸು ಬಂತು. ದೊಡ್ಡವ್ವ ಹತ್ತಲಿಲ್ಲ. ಸೆರಗಿನಿಂದ ಮುಖ ಮುಚ್ಚಿಕೊಂಡು, ಅಪ್ಪ ಹೋದ ದಿನವೂ ಅಳದವಳು, ನನ್ನ ತೋಳು ಹಿಡಿದು ಅಳುತ್ತಾ ನಿಂತಳು. ಆ ಬಸ್ಸು ಹೋಗಲಿ ಎಂದು ನಾನು ಅವಳ ಚೀಲವನ್ನು ನನ್ನ ಹೆಗಲಿಗೇರಿಸಿಕೊಂಡೆ.