ವೈಫೈಗೆ ಅತ್ತೆಯ ಕಾವಲು

ನಮ್ಮ ಮನೆಗೆ ಹೊಸ ಸಾಮಾನು ಯಾವುದೇ ಬರಲಿ, ಸುಮ್ಮನೆ ಬಂದು ಸುಮ್ಮನೆ ಕೂತದ್ದನ್ನು ನಾನಂತೂ ಕಂಡಿಲ್ಲ. ಮಿಕ್ಸಿ ಬಂದಾಗ ಒಂದು ರಾಮಾಯಣ, ಗೀಸರ್ ಬಂದಾಗ ಇನ್ನೊಂದು. ಹೋದ ವರ್ಷ ವೈಫೈ ರೌಟರ್ ಬಂತು. ಅಜ್ಜಂಪುರದ ನಮ್ಮ ಬೀದಿಗೆ ಅದೇ ಮೊದಲನೆಯದು.

ಬೇಕಾಗಿದ್ದು ನನಗೆ. ಮದುವೆಗೆ ಮುಂಚೆ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದವಳು, ಆರು ವರ್ಷದಲ್ಲಿ ವೃತ್ತ ಅಂದರೆ ರೊಟ್ಟಿ ಅನ್ನೋ ಹಾಗಾಗಿಬಿಟ್ಟಿದ್ದೆ. ಮನೆಯಲ್ಲೇ ಕೂತು ಲ್ಯಾಪ್‌ಟಾಪಿನಲ್ಲಿ ಮಕ್ಕಳಿಗೆ ಪಾಠ ಹೇಳುವ ಕೆಲಸವೊಂದು ಸಿಗುವಂತಿತ್ತು. ಅದಕ್ಕೆ ಒಂದು ಶುಕ್ರವಾರ ಮಧ್ಯಾಹ್ನ ನಾಲ್ಕು ಗಂಟೆಗೆ ಅರ್ಧ ಗಂಟೆ ಪಾಠ ಮಾಡಿ ತೋರಿಸಬೇಕು. ನಡುವೆ ನೆಟ್ ನಿಂತರೆ ಕೆಲಸ ಇಲ್ಲ ಅಂತ ಮೊದಲೇ ಹೇಳಿದ್ದರು. ನಮ್ಮನೇಲೋ, ಮಾಳಿಗೆ ಮೆಟ್ಟಿಲ ಮೇಲೆ ನಿಂತರೆ ಮಾತ್ರ ಮೊಬೈಲಿಗೆ ನೆಟ್.

೧. ಅಲ್ಲಾಡಿಸಿ ನೋಡಿದ್ದು

ತರೀಕೆರೆಯಲ್ಲಿ ಎರಡು ಅಂಗಡಿ ನೋಡಿದೆವು, ಮನಸ್ಸಿಗೆ ಬರಲಿಲ್ಲ. ಇನ್ನೊಂದು ದಿನ ಕಡೂರಿಗೆ ಹೋದೆವು. ಅಲ್ಲಿಯ ಅಂಗಡಿಯವರು ಪುಣ್ಯಾತ್ಮರು. ಮನೆ ಎಷ್ಟು ಉದ್ದ, ಗೋಡೆ ಮಣ್ಣಿನದೋ ಇಟ್ಟಿಗೆಯದೋ, ಎಷ್ಟು ಜನ ಬಳಸ್ತೀರಿ ಅಂತೆಲ್ಲ ವಿಚಾರಿಸಿ ಮೂರು ಡಬ್ಬಿ ತೆಗೆದು ಮುಂದಿಟ್ಟರು.

ನಮ್ಮನೆಯವರು ಕೊಬ್ಬರಿ ವ್ಯಾಪಾರದವರು. ಕಾಯಿಯನ್ನು ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದರೆ ಸಾಕು, ಒಳಗೆ ಕೊಬ್ಬರಿ ಒಣಗಿದೆಯೋ ಇಲ್ಲವೋ ಹೇಳಿಬಿಡುತ್ತಾರೆ. ನಾನು ಅಂಗಡಿಯವರ ಹತ್ತಿರ ಸ್ಪೀಡು, ಆಂಟೆನಾ ಅಂತ ಕೇಳುತ್ತಿದ್ದರೆ ಇವರು ಪಕ್ಕದಲ್ಲಿ ನಿಂತು ಒಂದೊಂದೇ ಡಬ್ಬಿ ಕಿವಿಗೆ ಹಿಡಿದು ಅಲ್ಲಾಡಿಸುತ್ತಿದ್ದರು. ಮೂರನೆಯದು ಗಡಗಡ ಅಂದಿತು. ಚೆನ್ನಾಗಿ ಬಲಿತಿರೋದು ಇದೇ, ಇದನ್ನೇ ಕೊಡಿ ಅಂದರು.

ಅಂಗಡಿಯವರು ಮೆಲ್ಲಗೆ, "ಸಾರ್, ಅದು ಗೋಡೆಗೆ ಹಾಕೋ ಸ್ಕ್ರೂ," ಅಂದರು.

ನಾನು ಎರಡನೆಯದನ್ನು ತಗೊಂಡೆ. ಬಸ್ಸಿನಲ್ಲಿ ಬೀರೂರು ದಾಟುವ ತನಕ ಇವರು ಅದನ್ನು ತೊಡೆ ಮೇಲಿಟ್ಟುಕೊಂಡು, ಆಗಾಗ ಅಲ್ಲಾಡಿಸಿ, ಎಳೆಕಾಯಿ ಮಾರಿಬಿಟ್ಟ ಅಂತ ನಿಟ್ಟುಸಿರು ಬಿಡುತ್ತಿದ್ದರು.

೨. ರೇಷ್ಮೆ ಸೀರೆಯೊಳಗೆ

ಲೈನು ಎಳೆದು ಕೂರಿಸಲು ಬಂದವರು ಡಬ್ಬಿಯ ಹಿಂದೆ ಅಚ್ಚಾಗಿರುವ ಪಾಸ್‌ವರ್ಡನ್ನು ಬದಲಾಯಿಸಿ, ಇಲ್ಲದಿದ್ದರೆ ಬೀದಿಯಲ್ಲಿ ಹೋಗುವವರೆಲ್ಲ ಎಳೆದುಕೊಳ್ಳುತ್ತಾರೆ ಅಂದರು. ನಾನು ಆ ಕ್ಷಣವೇ ಬದಲಾಯಿಸಿದೆ. ಅಕ್ಷರ, ಅಂಕಿ ಎಲ್ಲ ಸೇರಿಸಿ, ನನಗೇ ಬಾಯಿಪಾಠವಾಗದಂಥದ್ದು.

ಮಾರನೆಯ ದಿನ ಶಿವನಿಯಲ್ಲಿರುವ ತವರಿನವರನ್ನು ನೋಡಿಕೊಂಡು ವಾಪಸ್ ಬಂದರೆ ನೆಟ್ ಇಲ್ಲ. ಲೈಟೂ ಇಲ್ಲ. ಹತ್ತಿರ ಹೋಗಿ ನೋಡಿದರೆ ರೌಟರೇ ಇಲ್ಲ, ವೈರು ನೇತಾಡುತ್ತಿದೆ. ಅತ್ತೆಯನ್ನು ಕೂಗಿದೆ. ಅತ್ತೆ ನಿಧಾನವಾಗಿ ಬೀರು ತೆಗೆದರು. ಅವರ ಧಾರೆ ಸೀರೆಯೊಳಗೆ ರೌಟರು ಮಗುವಿನ ಹಾಗೆ ಮಲಗಿತ್ತು. ಬೀದಿಯವರು ಎಳ್ಕೊಂಡು ಹೋಗ್ತಾರಂತಲ್ಲ ಅಂತ ನನ್ನನ್ನೇ ಕೇಳಿದರು.

ಕಳ್ಳತನ ಆಗೋದು ಡಬ್ಬಿ ಅಲ್ಲ, ಅದರಿಂದ ಬರೋ ನೆಟ್ಟು, ಅದಕ್ಕೆ ಪಾಸ್‌ವರ್ಡೇ ಬೀಗ ಅಂತ ಬಿಡಿಸಿ ಹೇಳಿದೆ. ಅತ್ತೆಗೆ ಅರ್ಥವಾಯಿತು. ರೌಟರ್ ಹೊರಗೆ ಬಂತು, ಪಾಸ್‌ವರ್ಡ್ ಬರೆದ ಚೀಟಿ ಬೀರುವಿನೊಳಗೆ ಹೋಯಿತು. ಬೀರುವಿನ ಕೀ ಮಾತ್ರ ಎಂದಿನಂತೆ ಬೀದಿ ಬಾಗಿಲ ಪಕ್ಕದ ಮೊಳೆಗೆ.

೩. ಖಾಲಿ ಬಟ್ಟಲು

ಚೀಟಿ ಬೀರುವಿನಲ್ಲಿದ್ದದ್ದು ಎರಡೇ ದಿನ. ಮೂರನೆಯ ದಿನ ಎದುರುಮನೆ ಅಕ್ಕ ಒಂದು ಬಟ್ಟಲು ಹಿತಕಿದ ಅವರೆಕಾಳಿನ ಸಾರು ತಂದರು. ನಮ್ಮ ಕಡೆ ಬಂದ ಬಟ್ಟಲನ್ನು ಖಾಲಿ ವಾಪಸ್ ಕೊಡೋದಿಲ್ಲ. ಅವತ್ತು ಕೊಡೋಕೆ ಮನೇಲಿ ಏನೂ ಇರಲಿಲ್ಲ. ಪಾಸ್‌ವರ್ಡ್ ಆದ್ರೂ ಪರವಾಗಿಲ್ಲ ಅಂದರಂತೆ ಅಕ್ಕ. ಅತ್ತೆ ಬೀರು ತೆಗೆದರು.

ಅಲ್ಲಿಂದಾಚೆಗೆ ಒಂದೊಂದು ಮನೆಯಿಂದ ಒಂದೊಂದು ಬಟ್ಟಲು. ಚಟ್ನಿಪುಡಿ ಬಂತು, ಒಬ್ಬಟ್ಟು ಬಂತು, ಒಬ್ಬರಂತೂ ಇಡೀ ಕುಂಬಳಕಾಯಿ ಹೊತ್ತು ತಂದರು. ಮನೇಲಿರೋದು ಮೂರು ಜನ, ಲ್ಯಾಪ್‌ಟಾಪ್ ನೋಡಿದರೆ ಹದಿನಾಲ್ಕು ಫೋನು ತೋರಿಸುತ್ತಿದೆ. ಗೆಳತಿಯ ಮುಂದೆ ಪಾಠ ಮಾಡಿ ಅಭ್ಯಾಸ ಮಾಡೋಣ ಅಂತ ಕೂತರೆ, ಪರದೆಯ ಮೇಲೆ ನನ್ನ ಮುಖ ಬಾಯಿ ತೆರೆದಂತೆಯೇ ನಿಂತುಬಿಟ್ಟಿತು.

ನನಗೆ ಸಿಟ್ಟು ಬಂತು. ಅತ್ತೆಯ ಮೇಲೆ ಹರಿಹಾಯ್ದೆ. ಅವರು ತಲೆ ತಗ್ಗಿಸಿ, "ಇಷ್ಟು ವರ್ಷ ಅವರ ಮನೆ ಮಜ್ಜಿಗೆ ಕುಡ್ದೀನಿ ಕಣಮ್ಮ, ಇಲ್ಲ ಅಂತ ಯಾವ ಬಾಯಲ್ಲಿ ಹೇಳ್ಲಿ?" ಅಂದರು.

ಅದೂ ನಿಜವೇ. ನಮ್ಮತ್ತೆ ಇಲ್ಲ ಅನ್ನೋದು ದಿನಕ್ಕೆ ಒಂದೇ ಹೊತ್ತು. ಸಂಜೆ ದೇವರಿಗೆ ದೀಪ ಹಚ್ಚಿದ ಮೇಲೆ ಮೊಸರು, ಉಪ್ಪು ಏನೂ ಹೊಸಿಲು ದಾಟಬಾರದು, ಬೆಳಿಗ್ಗೆ ಬಾ ಅನ್ನುತ್ತಾರೆ, ಕೇಳಿದವರೂ ಬೇಜಾರು ಮಾಡಿಕೊಳ್ಳೋದಿಲ್ಲ. ಇನ್ನೂ ಏನೋ ಬೈಯಬೇಕು ಅಂದುಕೊಂಡೆ, ಆದರೆ ಬಾಯಿ ತುಂಬ ಅದೇ ಬೀದಿಯ ಒಬ್ಬಟ್ಟಿತ್ತು.

೪. ಆ ಶುಕ್ರವಾರ

ಮಧ್ಯಾಹ್ನ ಊಟ ಆದ ಮೇಲೆ ಪಾಸ್‌ವರ್ಡ್ ಬದಲಾಯಿಸಿದೆ. ಬೀದಿಯ ಫೋನುಗಳೆಲ್ಲ ಕಳಚಿಕೊಂಡವು. ಹೊಸ ಚೀಟಿ ಬೀರುವಿನಲ್ಲೇ ಇರಬೇಕು ಅನ್ನೋದು ಅತ್ತೆಯ ಹಟ. ಕೊಡುವಾಗ ಕೈ ಮುಗಿದು ಹೇಳಿದೆ, ಇವತ್ತೊಂದು ದಿನ ಯಾರಿಗೂ ಕೊಡಬೇಡಿ, ನನ್ನ ಕೆಲಸ ಹೋಗುತ್ತೆ ಅಂತ. ಅವರ ಮುಖ ಸಣ್ಣಗಾಯಿತು. ಚೀಟಿ ಮಡಚಿಕೊಂಡು ಬೀರುವಿನ ಕಡೆ ಹೋದರು. ಕೆಲಸ ಕೈತಪ್ಪಿದ ಹಾಗೇ ಅಂದುಕೊಂಡು ಕೋಣೆ ಬಾಗಿಲು ಹಾಕಿಕೊಂಡೆ.

ಪಾಠ ಶುರುವಾಗಿ ಹತ್ತು ನಿಮಿಷ ಆಗಿರಬೇಕು. ಹೊರಗೆ ಎದುರುಮನೆ ಅಕ್ಕನ ದನಿ ಕೇಳಿತು, ನೆಟ್ ಹೋಗಿದೆ, ಹೊಸ ಪಾಸ್‌ವರ್ಡ್ ಕೊಡಿ ಅಂತ. ಹಿಂದೆಯೇ ಬಟ್ಟಲು ಇಟ್ಟ ಸದ್ದು. ಮುಕ್ಕಾಲಿಗೆ ಕಾಲು ಕೂಡಿಸುತ್ತಿದ್ದ ನನ್ನ ಕೈ ನಿಂತೇಹೋಯಿತು.

"ದೀಪ ಹಚ್ಚಿಬಿಟ್ಟಿದೀನಿ ಕಣೇ," ಅಂದರು ಅತ್ತೆ. "ಈಗ ಏನೂ ಕೊಡಂಗಿಲ್ಲ. ಬೆಳಿಗ್ಗೆ ಬಾ."

"ಬಿಸಿಲು ಇನ್ನೂ ಸುಡ್ತೈತಲ್ಲ ದೊಡ್ಡಮ್ಮ," ಅಂದರು ಅಕ್ಕ.

"ಬಿಸಿಲು ಹೊರಗಿಂದು. ಒಳಗೆ ದೀಪ ಉರೀತೈತೆ, ಬಗ್ಗಿ ನೋಡು."

ಉರಿಯುವ ದೀಪದ ಮುಂದೆ ಯಾರು ತಾನೇ ವಾದ ಮಾಡುತ್ತಾರೆ? ಆಮೇಲೆ ಇನ್ನಿಬ್ಬರು ಬಂದರು. ಅವರಿಗೂ ಅದೇ ಉತ್ತರ. ನನ್ನ ಮುಕ್ಕಾಲಿಗೆ ಕಾಲು ಸೇರಿ ಒಂದಾಯಿತು, ನೆಟ್ ಒಂದು ಸಲವೂ ಕಡಿಯಲಿಲ್ಲ. ಸೋಮವಾರದಿಂದಲೇ ಶುರು ಮಾಡಿ ಮೇಡಂ ಅಂದರು ಆ ಕಡೆಯವರು.

ಬಾಗಿಲು ತೆಗೆದು ಹೊರಗೆ ಬಂದೆ. ಅಂಗಳದ ತುಂಬ ಬಿಸಿಲು, ದೇವರ ಕೋಣೆಯಲ್ಲಿ ಎರಡು ದೀಪ. ಅತ್ತೆ ಹೊಸಿಲಿಗೆ ಅಡ್ಡ ಕೂತಿದ್ದರು. ಹೊರಗೆ ಜಗಲಿಯ ಮೇಲೆ ಮೂರು ಜನ ಬಟ್ಟಲು ಹಿಡಿದುಕೊಂಡು ಕಾಯುತ್ತಿದ್ದರು. ಹಗಲು ಹೊತ್ತಿನಲ್ಲಿ ಯಾರಿಗೂ ಇಲ್ಲ ಅನ್ನದ ಹೆಂಗಸು, ನಾಲ್ಕು ಗಂಟೆಗೇ ಸಂಜೆ ಮಾಡಿಕೊಂಡು ಕೂತಿದ್ದಾರೆ, ನನಗೋಸ್ಕರ. ನನಗೆ ಅಳು ಬಂದುಬಿಟ್ಟಿತು.

ಮುಗೀತಾ ಅಂತ ಕೇಳಿದರು. ಮುಗೀತು, ಕೆಲಸ ಸಿಕ್ತು ಅಂತ ಕಣ್ಣೊರೆಸಿಕೊಂಡು ಹೇಳಿದೆ. ಅತ್ತೆ ನನ್ನ ಕೆನ್ನೆ ಸವರಿ, ಮಂಡಿ ಹಿಡಿದುಕೊಂಡು ಮೇಲೆದ್ದು, ಮೊಳೆಯಿಂದ ಬೀರುವಿನ ಕೀ ತಗೊಂಡು ಜಗಲಿಯ ಕಡೆ ತಿರುಗಿದರು.

"ಬೆಳಗಾಯ್ತು. ಬನ್ರೇ, ಬರ್ಕೊಳ್ಳಿ."